ಅಪ್ಪನ ಪದ್ಮಿನಿ

"ಪದ್ಮಿನಿ ಹೆಂಗದಾಳ್ರಿ ಮಾಸ್ತರ?" ಎಂದು ಸಿಂಧನೂರಿನಲ್ಲಿ ಯಾರಾದರೂ ನನ್ನನ್ನು ಕೇಳಿದರೆ ಹೊಸ ನೆಂಟರು ಗಾಬರಿಯಾಗುತ್ತಾರೆ. ನನ್ನ ಹೆಂಡತಿಯ ಹೆಸರು ಅದಲ್ಲ, ಮಗಳದೂ ಅಲ್ಲ. ಆಕೆ ನಮ್ಮ ಅಂಗಳದ ಬೇವಿನ ಮರದ ಕೆಳಗೆ ನಿಂತಿರುವ 1978ರ ಪ್ರೀಮಿಯರ್ ಪದ್ಮಿನಿ ಕಾರು. ಇಟಲಿಯ ಫಿಯೆಟ್ 1100 ಮಾದರಿಯನ್ನು ಮುಂಬಯಿಯ ಕುರ್ಲಾದಲ್ಲಿ ತಯಾರಿಸುತ್ತಿದ್ದ ಕಂಪನಿ, ಎಪ್ಪತ್ತರ ದಶಕದ ನಡುವೆ ಅದಕ್ಕೆ ಪದ್ಮಿನಿ ಎಂದು ನಾಮಕರಣ ಮಾಡಿತು. ನಮ್ಮ ಕಡೆಯ ಜನ ಮಾತ್ರ ಕೊನೆಯವರೆಗೂ ಅದನ್ನು 'ಫಿಯೆಟ್' ಎಂದೇ ಕರೆದರು.

ಅಪ್ಪ ಅಡತ್ ಅಂಗಡಿಯವರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಭತ್ತ ಬಂತು, ಭತ್ತದ ಹಿಂದೆ ದುಡ್ಡು ಬಂತು, ದುಡ್ಡಿನ ಹಿಂದೆ ಟ್ರ್ಯಾಕ್ಟರ್, ಜೀಪು ಬಂದವು. ಅಪ್ಪ 1986ರಲ್ಲಿ ರಾಯಚೂರಿನ ಡಾಕ್ಟರೊಬ್ಬರ ಹತ್ತಿರ ಈ ಕಾರನ್ನು ಸೆಕೆಂಡ್‌ಹ್ಯಾಂಡ್ ತಂದರು. ನಮ್ಮ ಓಣಿಯಲ್ಲಿ ಅದೊಂದೇ ಕಾರು. ಹಾಗಾಗಿ ಅದು ಪೂರಾ ನಮ್ಮದಾಗಿ ಉಳಿಯಲಿಲ್ಲ. ಮದುಮಕ್ಕಳ ಮೆರವಣಿಗೆಗೆ ಅದೇ, ನಡುರಾತ್ರಿ ಹೆರಿಗೆ ನೋವು ಬಂದರೂ ಅದೇ. ಈಗಲೂ ಪೇಟೆಯಲ್ಲಿ ಮಧ್ಯವಯಸ್ಕನೊಬ್ಬ ನನ್ನನ್ನು ತಡೆದು, "ನಾ ಹುಟ್ಟಿದ್ದು ನಿಮ್ಮ ಗಾಡ್ಯಾಗನ ಅಂತ ನಮ್ಮವ್ವ ಹೇಳ್ತಾಳ್ರಿ" ಎನ್ನುತ್ತಾನೆ. ಹೀಗೆ ಹೇಳುವವರು ಇಬ್ಬರಿದ್ದಾರೆ. ಇಬ್ಬರಲ್ಲಿ ಯಾರದು ನಿಜವೋ ಹೇಳಲು ಅಪ್ಪ ಈಗ ಇಲ್ಲ.

ಅಪ್ಪ ತೀರಿಕೊಂಡದ್ದು 2014ರಲ್ಲಿ, ಅಂಬಾಸಿಡರ್ ಕಾರಿನ ತಯಾರಿಕೆ ನಿಂತ ವರ್ಷವೇ. ಅದಕ್ಕೂ ಐದಾರು ವರ್ಷ ಮೊದಲೇ ಪದ್ಮಿನಿ ಮೂಲೆ ಸೇರಿತ್ತು. ಮೇಲೆ ಗೋಣಿಚೀಲ, ಒಳಗೆ ಇಲಿ. ಭತ್ತದ ನಾಡಿನ ಇಲಿಗಳಿಗೆ ತಿನ್ನಲು ಬೇಕಾದಷ್ಟು ಇದ್ದರೂ ವೈರಿನ ರುಚಿ ಏಕೋ ಬಿಡಲಾಗದು. ಗುಜರಿಯವನು ಎರಡು ಸಲ ಬಂದು ಬೆಲೆ ಕಟ್ಟಿದ. ಮಗಳ ಟ್ಯೂಷನ್ ಫೀಜಿಗಾದರೂ ಆಗುತ್ತದೆ ಎಂದು ನನ್ನ ಹೆಂಡತಿ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಬೇಡ ಎಂದವಳು ಅವ್ವ ಒಬ್ಬಳೇ. "ಅಂವ ಹ್ವಾದ. ಗಾಡಿನೂ ಹೋತಂದ್ರ ಅಂಗಳದಾಗ ನಾ ಏನ್ ನೋಡ್ಲಿ?" ಎಂದಳು. ಆ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ.

ನಾನು ಮಸ್ಕಿಯ ಶಾಲೆಯೊಂದರಲ್ಲಿ ವಿಜ್ಞಾನ ಮಾಸ್ತರ. ನಾಲ್ಕು ಸ್ಟ್ರೋಕಿನ ಎಂಜಿನ್ನನ್ನು ಕಪ್ಪು ಹಲಗೆಯ ಮೇಲೆ ಇಪ್ಪತ್ತು ವರ್ಷ ಓಡಿಸಿದವನು. ನಿಜವಾದ ಎಂಜಿನ್ನಿನ ಮುಂದೆ ನಿಂತಾಗ ಸ್ಪಾರ್ಕ್ ಪ್ಲಗ್ ಬಿಚ್ಚಲು ಯಾವ ಪಾನಾ ಬೇಕೆಂಬುದೂ ತಿಳಿಯಲಿಲ್ಲ! 2018ರ ಬೇಸಿಗೆ ರಜೆಯಲ್ಲಿ ಕೆಲಸ ಶುರು ಮಾಡಿದಾಗ ನನ್ನ ಮಗಳು ಎಂಟನೆಯ ತರಗತಿ ಮುಗಿಸಿದ್ದಳು. ಅವಳಿಗೆ ಬೇಸರ ಕಳೆಯಬೇಕಿತ್ತು, ನನಗೆ ಟಾರ್ಚ್ ಹಿಡಿಯಲು ಯಾರಾದರೂ ಬೇಕಿತ್ತು. ಒಪ್ಪಂದ ಇಷ್ಟೇ.

ಗುರು ಸಿಕ್ಕಿದ್ದು ಲಿಂಗಸುಗೂರಿನಲ್ಲಿ. ಎಪ್ಪತ್ತು ದಾಟಿದ ಉಸ್ತಾದರು, ಪ್ರಾಯದಲ್ಲಿ ಹಟ್ಟಿ ಚಿನ್ನದ ಗಣಿ ಕಡೆಯ ಜೀಪು, ಲಾರಿಗಳನ್ನು ರಿಪೇರಿ ಮಾಡಿದ ಕೈ. ಅವರ ಒಬ್ಬ ಮಗ ಮೊಬೈಲ್ ಅಂಗಡಿ ಇಟ್ಟಿದ್ದ, ಇನ್ನೊಬ್ಬ ಕೊಲ್ಲಿ ದೇಶದಲ್ಲಿದ್ದ. ನಮ್ಮನ್ನು ನೋಡಿ ಅವರು ಕೇಳಿದ ಮೊದಲ ಪ್ರಶ್ನೆ ಕಾರಿನ ಬಗ್ಗೆ ಅಲ್ಲ. "ಮಾಸ್ತರ, ಹುಡುಗಿ ಕೈ ಕರ್ರಗ ಆಗ್ತಾವ. ಮನ್ಯಾಗ ಬೈಯೂದಿಲ್ಲೇನ್ರಿ?" ಎಂದರು. ಮನೆಯಲ್ಲಿ ಬೈದರು, ನಿಜ. ಎಸ್.ಎಸ್.ಎಲ್.ಸಿ. ಹತ್ತಿರ ಬಂದ ಹೆಣ್ಣುಮಗಳ ಉಗುರಿನಲ್ಲಿ ಗ್ರೀಸ್ ಇರುವುದನ್ನು ನೋಡಿ ಬೈಯದ ತಾಯಿ ಯಾರಿದ್ದಾರೆ?

ಎಂಜಿನ್ ಹಿಡಿದುಕೊಂಡಿತ್ತು. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಪಿಸ್ಟನ್ನಿನ ರಿಂಗುಗಳು ಸಿಲಿಂಡರಿನ ಗೋಡೆಗೆ ತುಕ್ಕಿನಿಂದ ಅಂಟಿಕೊಳ್ಳುತ್ತವೆ. ಸುತ್ತಿಗೆ ಬೇಡ ಎಂದರು ಉಸ್ತಾದರು. ನಾಲ್ಕೂ ಪ್ಲಗ್ ಬಿಚ್ಚಿ, ಚಿಮಣಿ ಎಣ್ಣೆಗೆ ಎಂಜಿನ್ ಆಯಿಲ್ ಬೆರೆಸಿ, ಒಂದೊಂದು ಸಿಲಿಂಡರಿಗೆ ಒಂದೊಂದು ಚಮಚ ಬಿಡಿಸಿದರು. ಒಂದು ವಾರ ಬಿಟ್ಟು ನಾಲ್ಕನೆಯ ಗೇರಿಗೆ ಹಾಕಿ ಗಾಡಿಯನ್ನು ತೊಟ್ಟಿಲಿನಂತೆ ಹಿಂದೆ ಮುಂದೆ ತೂಗಬೇಕು. ಮೊದಲ ವಾರ ಏನೂ ಆಗಲಿಲ್ಲ. ಎರಡನೆಯ ವಾರವೂ ಇಲ್ಲ. ಮೂರನೆಯ ಭಾನುವಾರ 'ಕಟಕ್' ಎಂದಿತು. ಮಗಳು ಫ್ಯಾನಿನ ಬ್ಲೇಡು ಒಂದು ಬೆರಳಷ್ಟು ತಿರುಗಿದ್ದನ್ನು ನೋಡಿ ಕೂಗಿದ್ದು ಓಣಿಗೆಲ್ಲ ಕೇಳಿಸಿತು.

ಪೆಟ್ರೋಲ್ ಟ್ಯಾಂಕಿನ ಒಳಗೆ ತುಕ್ಕಿನ ಹಾಳೆಗಳು. ಅದನ್ನು ಚೆನ್ನಾಗಿ ತೊಳೆದು, ನೀರಿನ ಜೊತೆ ಸಣ್ಣ ಹರಳುಕಲ್ಲು ತುಂಬಿ, ಇಬ್ಬರು ಎರಡು ಕಡೆ ಹಿಡಿದು ಅಲ್ಲಾಡಿಸಿದೆವು. ರೇಡಿಯೇಟರಿನಲ್ಲಿ ನಮ್ಮ ಬೋರಿನ ಗಡಸು ನೀರಿನ ಸುಣ್ಣ ಹೆಪ್ಪುಗಟ್ಟಿತ್ತು. ಆಮೇಲೆ ಪ್ಲಗ್ ವೈರುಗಳನ್ನು ಜೋಡಿಸುವ ದಿನ ಬಂತು. ಮಗಳು 1, 2, 3, 4 ಎಂದು ಅಚ್ಚುಕಟ್ಟಾಗಿ ಸಿಕ್ಕಿಸಿದಳು. ನಾನೂ ನೋಡಿ ತಲೆಯಾಡಿಸಿದೆ. ಚಾಲೂ ಮಾಡಿದರೆ ಕಾರ್ಬುರೇಟರಿನಿಂದ 'ಫಟ್' ಎಂದು ಹೊಗೆ! ಉಸ್ತಾದರು ನಕ್ಕು, "ಅದು ಸಾಲ್ಯಾಗಿನ ಹಾಜರಿ ಅಲ್ಲವ್ವ. ಒಂದು, ಮೂರು, ನಾಕು, ಎರಡು" ಎಂದರು. ನಾಲ್ಕು ಸಿಲಿಂಡರುಗಳು ಸಾಲಾಗಿ ಸ್ಫೋಟಿಸಿದರೆ ಕ್ರ್ಯಾಂಕ್ ಶಾಫ್ಟಿನ ಮೇಲೆ ಹೊರೆ ಸಮನಾಗಿ ಬೀಳುವುದಿಲ್ಲ, ಅದಕ್ಕೇ ಈ ಸರದಿ. ಇದು ನನ್ನ ಪಠ್ಯದಲ್ಲಿ ಇರಲಿಲ್ಲ. ಇದ್ದಿದ್ದರೂ ನಾನು ಓದಿಸಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ.

ಇಲ್ಲಿಯವರೆಗೆ ಎಲ್ಲವೂ ಚೆನ್ನಾಗಿಯೇ ಇತ್ತು. ಹಾಳಾದದ್ದು ನನ್ನ ಚಪಲದಿಂದ.

ಎಂಜಿನ್ ಓಡಿದ ಮೇಲೆ ಉಸ್ತಾದರು, "ಮೊದ್ಲ ಬ್ರೇಕಿನ ರಬ್ಬರ್ ಎಲ್ಲ ಬದಲ ಮಾಡ್ರಿ, ಆಮ್ಯಾಲ ಉಳಿದದ್ದು" ಎಂದಿದ್ದರು. ನನಗೋ ಬಣ್ಣದ ಆಸೆ. ಅಪ್ಪನ ಕಾಲದ ಕೆನೆ ಬಣ್ಣವನ್ನೇ ಹುಡುಕಿ, ಮಸ್ಕಿಯಲ್ಲಿ ಟಿಂಕರಿಂಗ್ ಮಾಡಿಸಿ, 2019ರ ದಸರೆಯ ಹೊತ್ತಿಗೆ ಬಣ್ಣ ಹೊಡೆಸಿದೆ. ಬನ್ನಿ ಕೊಡಲು ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಕೈಯಲ್ಲಿದ್ದ ದುಡ್ಡು ಮುಗಿದಿತ್ತು. ಬ್ರೇಕು ಹಿಡಿಯುತ್ತಿದೆಯಲ್ಲ, ಸಂಕ್ರಾಂತಿಗೆ ನೋಡೋಣ ಎಂದುಕೊಂಡೆ.

ಡಿಸೆಂಬರ್ ತಿಂಗಳ ಒಂದು ಸಂಜೆ ಮಗಳನ್ನು ಕೂರಿಸಿಕೊಂಡು ಮಸ್ಕಿಯಿಂದ ಸಿಂಧನೂರಿಗೆ ಹೊರಟಿದ್ದೆ. ಅಂದು ಅವಳಿಗೆ ಅಶೋಕನ ಶಾಸನ ತೋರಿಸಿದ್ದೆ. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಕಂಡುಹಿಡಿದ ಈ ಬಂಡೆಗಲ್ಲಿನಲ್ಲೇ 'ದೇವಾನಾಂಪ್ರಿಯ' ಎಂದರೆ ಅಶೋಕನೇ ಎಂಬುದು ಮೊದಲು ಖಚಿತವಾದದ್ದು ಎಂದು ಹೇಳುತ್ತಾ ಗಾಡಿ ಓಡಿಸುತ್ತಿದ್ದೆ. ಭತ್ತದ ಸುಗ್ಗಿ. ಮುಂದೆ ಭತ್ತದ ಚೀಲ ಹೇರಿದ ಟ್ರ್ಯಾಕ್ಟರ್ ಟ್ರೇಲರ್, ಹಿಂದೆ ದೀಪವಿಲ್ಲ. ಬ್ರೇಕ್ ಒತ್ತಿದೆ. ಪೆಡಲ್ ಮೆತ್ತಗೆ ನೆಲಕ್ಕೆ ಹೋಗಿ ಕೂತಿತು. ಮತ್ತೆ ಒತ್ತಿದೆ. ಏನೂ ಇಲ್ಲ.

ನಮ್ಮ ಗಾಡಿಯಲ್ಲಿ ನಾಲ್ಕೂ ಚಕ್ರಕ್ಕೆ ಬ್ರೇಕ್ ಆಯಿಲ್ ಹೋಗುವುದು ಒಂದೇ ಮಾರ್ಗದಲ್ಲಿ. ಎಲ್ಲಿಯಾದರೂ ಒಂದು ಕಡೆ ರಬ್ಬರ್ ಹರಿದು ಸೋರಿದರೆ ನಾಲ್ಕೂ ಹೋದಂತೆಯೇ. ಸ್ಟೀರಿಂಗಿನ ಪಕ್ಕದ ಗೇರನ್ನು ಮೂರಕ್ಕೆ, ಎರಡಕ್ಕೆ ಎಳೆದು ಹ್ಯಾಂಡ್‌ಬ್ರೇಕ್ ಜಗ್ಗಿ ರಸ್ತೆಯಿಂದ ಕೆಳಗೆ ಇಳಿಸಿದೆ. ಕಪ್ಪು ಮಣ್ಣಿನಲ್ಲಿ ಚಕ್ರ ಹೂತು ಗಾಡಿ ನಿಂತಿತು. ಟ್ರೇಲರಿನವನಿಗೆ ಇದಾವುದೂ ಗೊತ್ತಾಗದೆ ಹಾಡು ಹಾಕಿಕೊಂಡು ಮುಂದೆ ಹೋದ. ಮಗಳು ಎರಡೂ ಕೈಯನ್ನು ಡ್ಯಾಶ್‌ಬೋರ್ಡಿಗೆ ಒತ್ತಿ ಹಿಡಿದು ಕೂತಿದ್ದಳು. ಆ ಕಾರಿನಲ್ಲಿ ಸೀಟ್ ಬೆಲ್ಟ್ ಕೂಡ ಇರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಅಪ್ಪಾಜಿ, ಚಾಚಾ ಹೇಳಿದ್ರಲ್ಲ?" ಎಂದಳು. ಅಷ್ಟೇ. ಅವಳು ಅತ್ತಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಗಾಡಿಯನ್ನು ಇನ್ನೊಂದು ಟ್ರ್ಯಾಕ್ಟರಿಗೆ ಕಟ್ಟಿಸಿ ಲಿಂಗಸುಗೂರಿಗೆ ಒಯ್ದೆ. ಉಸ್ತಾದರು ನನ್ನ ಮುಖ ನೋಡಲಿಲ್ಲ. ಮಗಳನ್ನು ಮಾತ್ರ "ಹೆದರಿದೇನವ್ವ?" ಎಂದು ಕೇಳಿದರು. ಆಮೇಲೆ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ನಾಲ್ಕೂ ಡ್ರಮ್ಮುಗಳನ್ನು ನನ್ನ ಕೈಯಿಂದಲೇ ಬಿಚ್ಚಿಸಿದರು. ಹಿಂದಿನ ಎಡಗಡೆ ಚಕ್ರದ ಸಿಲಿಂಡರಿನ ರಬ್ಬರ್ ಬಟ್ಟಲು ಬೆರಳಿನಲ್ಲಿ ಹಿಡಿದರೆ ಪುಡಿಯಾಯಿತು. ಅದು ಒಂದು ರೂಪಾಯಿ ನಾಣ್ಯಕ್ಕಿಂತ ದೊಡ್ಡದಲ್ಲ. ಅದನ್ನು ನಾನು ಎಸೆದಿಲ್ಲ. ಶಾಲೆಯ ಮೇಜಿನ ಡ್ರಾಯರಿನಲ್ಲಿ ಸೀಮೆಸುಣ್ಣದ ಜೊತೆ ಇದೆ.

ಅಂದಿನಿಂದ ಮಗಳು ಒಂದು ನೋಟ್‌ಬುಕ್ ಇಟ್ಟಳು. ಬ್ರೇಕ್ ಆಯಿಲ್ ಎಲ್ಲಿಯವರೆಗೆ ಇದೆ, ಟೈರಿನ ಗಾಳಿ ಎಷ್ಟು, ಪಾಯಿಂಟಿನ ಸಂದು ಎಷ್ಟು, ಎಲ್ಲ ತಾರೀಖು ಹಾಕಿ ಬರೆಯುತ್ತಾಳೆ. ಭಾನುವಾರ ಅರ್ಧ ತಾಸು ಸಾಕು. 2020ರ ಲಾಕ್‌ಡೌನಿನಲ್ಲಂತೂ ಅರ್ಧ ತಾಸು ಅರ್ಧ ದಿನವಾಗಿ, ಇಲಿ ಕಡಿದ ವೈರಿಂಗ್ ಪೂರ್ತಿ ಬದಲಾಯಿತು. ಬಿಡಿಭಾಗ ಹುಡುಕುವುದೇ ಒಂದು ಪುರಾಣ. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ, ಮುಂಬಯಿಯ ಪರಿಚಯದವರು ಹೀಗೆ ಎಲ್ಲೆಲ್ಲಿಂದಲೋ ತರಿಸಬೇಕು. ಮುಂಬಯಿಯ ಕಪ್ಪು–ಹಳದಿ ಪದ್ಮಿನಿ ಟ್ಯಾಕ್ಸಿಗಳು ಒಂದೊಂದಾಗಿ ಗುಜರಿ ಸೇರುತ್ತಿದ್ದಾಗ ನಮ್ಮಂಥವರಿಗೆ ಸಾಮಾನು ಸಿಗುತ್ತಿತ್ತು. 2023ರ ಅಕ್ಟೋಬರ್ 30ಕ್ಕೆ ಕೊನೆಯ ಪದ್ಮಿನಿ ಟ್ಯಾಕ್ಸಿಯ ಅವಧಿಯೂ ಮುಗಿಯಿತು. ಒಬ್ಬರ ಮನೆಯ ದುಃಖದಲ್ಲಿ ನಾವು ಬೋಲ್ಟು ಆರಿಸುತ್ತಿದ್ದೆವಲ್ಲ ಎಂದು ಆಗ ಅನಿಸಿತು.

ಕಾಗದ ಪತ್ರದ ಮಾತೂ ಹೇಳಬೇಕು. ಹದಿನೈದು ವರ್ಷ ದಾಟಿದ ಕಾರಿಗೆ ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ಆರ್.ಸಿ. ನವೀಕರಿಸಬೇಕು. ನಾವು 2021ರಲ್ಲಿ ಮಾಡಿಸಿದಾಗ ಶುಲ್ಕ 600 ರೂಪಾಯಿ, ತಡವಾದದ್ದಕ್ಕೆ ದಂಡ ಬೇರೆ. 2022ರ ಏಪ್ರಿಲ್‌ನಿಂದ ಅದು 5,000 ಆಯಿತು. 2025ರಲ್ಲಿ ಇಪ್ಪತ್ತು ವರ್ಷ ಮೀರಿದ ಕಾರುಗಳಿಗೆ 10,000 ಮಾಡಿದರು. ಮಗಳಿಗೆ ನಮ್ಮ ಗಾಡಿಗೆ 'ವಿಂಟೇಜ್' ನಂಬರು ಸಿಗಬೇಕೆಂಬ ಆಸೆ. 2021ರ ನಿಯಮದಂತೆ ಅದಕ್ಕೆ ಐವತ್ತು ವರ್ಷ ತುಂಬಿರಬೇಕು, ಮೂಲ ರೂಪ ಕೆಡಿಸಿರಬಾರದು. ಆ ನಂಬರು ಬಂದರೆ ಪ್ರದರ್ಶನಕ್ಕೋ ರ‍್ಯಾಲಿಗೋ ಒಯ್ಯಬಹುದೇ ಹೊರತು ದಿನಬಳಕೆಗೆ ಓಡಿಸುವಂತಿಲ್ಲ. ಅಂದರೆ 2028ರವರೆಗೆ ನಮ್ಮದು ವಿಂಟೇಜ್ ಅಲ್ಲ, ಬರೀ ಹಳೆಯದು. ಅದೇ ಒಳ್ಳೆಯದು. ಅವ್ವನನ್ನು ಡಾಕ್ಟರ ಹತ್ತಿರ ಕರೆದೊಯ್ಯಬೇಕಲ್ಲ. ಧರ್ಮಸ್ಥಳದ ಸಂಗ್ರಹಾಲಯದಲ್ಲಿ ಸಾಲಾಗಿ ನಿಂತ ಹಳೆಯ ಕಾರುಗಳನ್ನು ನೋಡಿ ಬಂದ ಮೇಲೆ ಅವ್ವ ಕೇಳಿದ್ದು ಒಂದೇ: "ಇವನ್ನ ಯಾರೂ ಹೊಡೆಯಂಗಿಲ್ಲೇನು?"

ಉಸ್ತಾದರ ಕಣ್ಣಿಗೆ ಪೊರೆ ಬಂದು ಅಂಗಡಿ ಮುಚ್ಚಿ ಎರಡು ವರ್ಷದ ಮೇಲಾಯಿತು. ಪಕ್ಕದಲ್ಲಿ ಹೊಸ ಗ್ಯಾರೇಜುಗಳಿವೆ, ಚುರುಕು ಹುಡುಗರಿದ್ದಾರೆ. ಆದರೆ ಅವರು ಕಂಪ್ಯೂಟರಿನ ವೈರನ್ನು ಎಲ್ಲಿ ಚುಚ್ಚಬೇಕೆಂದು ಹುಡುಕುತ್ತಾರೆ. ಪದ್ಮಿನಿಯಲ್ಲಿ ಆ ತೂತೇ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಚೈನು ಹರಿದು ಕೊಚ್ಚಿ ಹೋದಾಗ ನಮ್ಮ ಸಿಂಧನೂರಿನಲ್ಲಿ ಯಾರಿಗೂ ನಿದ್ದೆ ಇರಲಿಲ್ಲ. ಎರಡನೆಯ ಬೆಳೆಯ ಮಾತಿರಲಿ, ಮೊದಲ ಬೆಳೆಗಾದರೂ ನೀರು ಉಳಿದೀತೇ ಎಂಬ ಚಿಂತೆ. ಆಗ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಕೂರಿಸಲು ಕರೆಸಿದ್ದು ವಯಸ್ಸಾದ ತಜ್ಞ ಕನ್ನಯ್ಯ ನಾಯ್ಡು ಅವರನ್ನು. ಟಿ.ವಿ.ಯಲ್ಲಿ ಅವರನ್ನು ನೋಡುತ್ತಿದ್ದ ಮಗಳು, "ಅವರ ಜೋಡಿ ಕಲಿಯವ್ರು ಯಾರರ ಅದಾರೇನಪ್ಪಾಜಿ?" ಎಂದು ಕೇಳಿದಳು. ನನಗೆ ಲಿಂಗಸುಗೂರು ನೆನಪಾಯಿತು.

ಈಗಲೂ ಎಂಜಿನ್ನಿನ ಸದ್ದು ಕೆಟ್ಟರೆ ಉಸ್ತಾದರಿಗೆ ಫೋನು ಮಾಡುತ್ತೇವೆ. ಮೊದಲು ಅವರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ, ಹಿಡಿಕೆಯನ್ನು ಕಿವಿಗೆ ಒತ್ತಿ ರೋಗ ಹೇಳುತ್ತಿದ್ದರು. ಈಗ ಮಗಳು ಬಾನೆಟ್ ಎತ್ತಿ ಫೋನನ್ನು ಹತ್ತಿರ ಹಿಡಿಯುತ್ತಾಳೆ. ಅತ್ತ ಕಡೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಟ್ಯಾಪೆಟ್ ಸಡಿಲ ಆಗೇತಿ, ಮೂರನೇದು ನೋಡವ್ವ" ಎನ್ನುತ್ತಾರೆ. ಹತ್ತರಲ್ಲಿ ಎಂಟು ಸಲ ಅವರ ಮಾತು ಸರಿ.

ಮಗಳು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿರಬೇಕೆಂದು ನೀವು ಊಹಿಸಿದ್ದರೆ, ಕ್ಷಮಿಸಿ. ರಾಯಚೂರಿನಲ್ಲಿ ಬಿ.ಕಾಂ. ಮಾಡುತ್ತಿದ್ದಾಳೆ. ಲೆಕ್ಕಪತ್ರ ಅವಳಿಗೆ ಇಷ್ಟ. ಪದ್ಮಿನಿಗೆ ಇದುವರೆಗೆ ಎಷ್ಟು ಖರ್ಚಾಗಿದೆ ಎಂದು ಕೂಡಿಸಿ ಆ ಹಾಳೆಯನ್ನು ಅವರ ಅಮ್ಮನಿಗೆ ತೋರಿಸದೆ ಬಚ್ಚಿಟ್ಟಿದ್ದಾಳೆ.

ಸದ್ಯದ ತಲೆನೋವು ಪೆಟ್ರೋಲಿನದು. ಈಗ ಬಂಕಿನಲ್ಲಿ ಸಿಗುವುದರಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇರುತ್ತದೆ. ಅದು ಹಳೆಯ ಕಾಲದ ರಬ್ಬರನ್ನು ಮೆತ್ತಗೆ ಮಾಡಿ ಬಿರುಕು ಬಿಡಿಸುತ್ತದೆ, ಗಾಳಿಯ ತೇವ ಹೀರಿ ಟ್ಯಾಂಕಿನಲ್ಲಿ ತುಕ್ಕು ತರುತ್ತದೆ. ಸಾಲದ್ದಕ್ಕೆ ಮೇ ತಿಂಗಳ ಬಿಸಿಲಿನಲ್ಲಿ ಪೆಟ್ರೋಲ್ ಪಂಪಿನಲ್ಲೇ ಆವಿಯಾಗಿ ಗಾಡಿ ನಡುರಸ್ತೆಯಲ್ಲಿ ನಿಲ್ಲುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಬೇವಿನ ನೆರಳಿನಲ್ಲಿ ಚಹಾ ಕುಡಿದು ಬಂದರೆ ಮತ್ತೆ ಚಾಲೂ ಆಗುತ್ತದೆ, ಆ ಮಾತು ಬೇರೆ. ಎಥೆನಾಲ್ ತಡೆಯುವ ಪೈಪುಗಳಿಗೆ ಹುಬ್ಬಳ್ಳಿಗೆ ಹೇಳಿಕಳಿಸಿದ್ದೇವೆ. ಕಳೆದ ಭಾನುವಾರ ಮಗಳು ಹಾಸ್ಟೆಲಿಗೆ ಹೊರಡುವ ಮುನ್ನ ನೋಟ್‌ಬುಕ್ಕಿನಲ್ಲಿ ಬರೆದುಹೋಗಿದ್ದಾಳೆ: 'ಪೈಪು ಬರುವವರೆಗೆ ಗಾಡಿ ತೆಗೆಯಬಾರದು. ಅಪ್ಪಾಜಿಗೆ ಹೇಳಿದೆ.' ಕೆಳಗೆ ನನ್ನ ಸಹಿ ಹಾಕಿಸಿಕೊಂಡಿದ್ದಾಳೆ.