ಎಂಟು ಮಿಲಿಮೀಟರಿನ ಗಂಟು

ಕೆಮ್ಮು ಬಿಡಲಿಲ್ಲವೆಂದು ಹೋದ ವರ್ಷ ನಮ್ಮ ಅಬ್ಬಾ ಎದೆಯ ಎಕ್ಸ್‌ರೇ ತೆಗೆಸಿದರು. ಅದರಲ್ಲಿ ಒಂದು ಬಿಳಿ ಚುಕ್ಕೆ. ಸಿ.ಟಿ. ಸ್ಕ್ಯಾನ್ ವರದಿಯಲ್ಲಿ ‘8 ಮಿ.ಮೀ. ನಾಡ್ಯೂಲ್’ ಎಂದಿತ್ತು. ನಾಡ್ಯೂಲ್ ಎಂದರೆ ಗಂಟು ಎಂದು ತಿಳಿದೊಡನೆ ಮನೆಯವರ ಬಾಯಲ್ಲಿ ಬಂದದ್ದು ಕಿದ್ವಾಯಿ ಹೆಸರು. ಹೊಸೂರು ರಸ್ತೆಯ ಬೆಂಗಳೂರು ತುದಿಯ ಆ ಆಸ್ಪತ್ರೆ ಎಂದರೆ ಅತ್ತಿಬೆಲೆಯವರಿಗೆ ಕ್ಯಾನ್ಸರ್ ಎಂದೇ ಅರ್ಥ. ಅಬ್ಬಾ ಮಾತು ಕಡಿಮೆ ಮಾಡಿದರು. ಅಮ್ಮಿ ನಮಾಜಿನ ನಂತರ ದುವಾದಲ್ಲಿ ಹೆಚ್ಚು ಹೊತ್ತು ಕೂರತೊಡಗಿದರು.

ನಾನು ಪಿಸಿಎಂಬಿ ವಿದ್ಯಾರ್ಥಿನಿ. ನನಗೆ ತಿಳಿದ ದಾರಿ ಓದುವುದೊಂದೇ. ಎಕ್ಸ್‌ರೇ ಚಿತ್ರ ನೆರಳಿದ್ದಂತೆ. ಪಕ್ಕೆಲುಬು, ಹೃದಯ, ಶ್ವಾಸಕೋಶ ಒಂದರ ಮೇಲೊಂದು ಬೀಳುತ್ತವೆ. ಸಣ್ಣ ಗಂಟು ಅವುಗಳಲ್ಲಿ ಅಡಗಿಬಿಡಬಹುದು. ಸಿ.ಟಿ.ಯಲ್ಲಿ ಎಕ್ಸ್‌ರೇ ಕೊಳವೆ ದೇಹದ ಸುತ್ತ ತಿರುಗುತ್ತದೆ. ಕಂಪ್ಯೂಟರ್ ಲೆಕ್ಕಹಾಕಿ ಬ್ರೆಡ್ ಹೋಳುಗಳಂತೆ ಪದರ ಪದರವಾಗಿ ಚಿತ್ರ ಕೊಡುತ್ತದೆ. ಪ್ರತಿ ಬಿಂದುವಿಗೂ ಸಾಂದ್ರತೆಯ ಒಂದು ಅಂಕಿ: ನೀರಿಗೆ 0, ಗಾಳಿಗೆ -1000. ಗಾಳಿ ತುಂಬಿದ ಶ್ವಾಸಕೋಶದಲ್ಲಿ ಕೆಲವೇ ಮಿ.ಮೀ. ಗಂಟೂ ಎದ್ದು ಕಾಣುವುದು ಈ ಅಂತರದಿಂದ. ಸಿ.ಟಿ. ರೂಪಿಸಿದ ಹೌನ್ಸ್‌ಫೀಲ್ಡ್ ಮತ್ತು ಕಾರ್ಮಕ್ 1979ರಲ್ಲಿ ನೊಬೆಲ್ ಪಡೆದರು.

ಆದರೆ ಗಂಟು ಕಾಣುವುದು ಬೇರೆ, ಅದೇನೆಂದು ತಿಳಿಯುವುದು ಬೇರೆ. ವಾಸಿಯಾದ ಕ್ಷಯದ ಕಲೆಯೂ ಹಾಗೆಯೇ ಕಾಣಬಹುದು. ಅಮೆರಿಕದಲ್ಲಿ ಸಿಗರೇಟು ಸೇದುವ, ಸೇದಿ ಬಿಟ್ಟ 53,000ಕ್ಕೂ ಹೆಚ್ಚು ಜನರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2011ರಲ್ಲಿ ಬಂತು. ಎಕ್ಸ್‌ರೇಗೆ ಹೋಲಿಸಿದರೆ, ಕಡಿಮೆ ವಿಕಿರಣದ ಸಿ.ಟಿ. ತಪಾಸಣೆಯಿಂದ ಶ್ವಾಸಕೋಶ ಕ್ಯಾನ್ಸರಿನ ಸಾವು ಶೇ. 20ರಷ್ಟು ಇಳಿಯಿತು. ಅದೇ ಅಧ್ಯಯನದಲ್ಲಿ ಅನುಮಾನ ಹುಟ್ಟಿಸಿದ ಸ್ಕ್ಯಾನುಗಳ ಪೈಕಿ ನೂರಕ್ಕೆ 96 ಕ್ಯಾನ್ಸರ್ ಆಗಿರಲಿಲ್ಲ.

ಹಾಗಾದರೆ ತಿಳಿಯುವುದು ಹೇಗೆ? ಮುಖ್ಯ ಸುಳಿವು ಬೆಳವಣಿಗೆ. ಗೋಲದ ಘನಫಲ ವ್ಯಾಸದ ಘನಕ್ಕೆ ತಕ್ಕಂತೆ ಏರುತ್ತದೆ. 8 ಮಿ.ಮೀ. ಗಂಟು 10 ಮಿ.ಮೀ. ಆದರೆ ಕಣ್ಣಿಗೆ ಕಾಣುವ ವ್ಯತ್ಯಾಸ ಎರಡೇ ಮಿ.ಮೀ.; ಗಂಟು ಮಾತ್ರ ಸುಮಾರು ಇಮ್ಮಡಿಯಾಗಿರುತ್ತದೆ.

ಅದಕ್ಕೇ ಡಾಕ್ಟರ್ ಕೇಳಿದ್ದು, “ಹಳೇ ಫಿಲ್ಮ್ ಏನಾದರೂ ಇದೆಯಾ?” ಇತ್ತು. ಮೂರು ವರ್ಷದ ಹಿಂದೆ ಅಬ್ಬಾ ಸ್ಕೂಟರಿನಿಂದ ಬಿದ್ದಾಗ ಎದೆಯ ಸಿ.ಟಿ. ಮಾಡಿಸಿದ್ದರು. ಆಗ ಎಲ್ಲರ ಗಮನ ಮುರಿದ ಪಕ್ಕೆಲುಬಿನ ಮೇಲಿತ್ತು. ಆ ಫಿಲ್ಮನ್ನು ಅಮ್ಮಿ ಹಾಸಿಗೆಯಡಿ ಮಡಚದೆ ಇಟ್ಟಿದ್ದರು. ಅದರಲ್ಲೂ ಅದೇ ಜಾಗದಲ್ಲಿ ಅದೇ ಗಂಟು, ಅದೇ 8 ಮಿ.ಮೀ. ಇಂಥ ಗಟ್ಟಿ ಗಂಟು ಎರಡು ವರ್ಷ ಬೆಳೆಯದಿದ್ದರೆ ಸಾಮಾನ್ಯವಾಗಿ ಅಪಾಯವಿಲ್ಲ ಎಂದರು ಡಾಕ್ಟರ್. ಸೂಜಿ ಚುಚ್ಚಿ ಪರೀಕ್ಷೆ ಮಾಡುವುದು ತಪ್ಪಿತು. ಅಲ್‌ಹಮ್ದುಲಿಲ್ಲಾಹ್.

ಗೆಳೆಯ ಗೆಳತಿಯರೇ, ಬಾಡಿಗೆ ಮನೆ ಬದಲಿಸುವಾಗ ಹಳೇ ಫಿಲ್ಮು, ಸಿ.ಡಿ., ವರದಿಗಳನ್ನು ಗುಜರಿಗೆ ಹಾಕಬೇಡಿ. ಮನೆಯಲ್ಲಿ ಯಾರಿಗಾದರೂ ಎರಡು ವಾರ ಮೀರಿ ಕೆಮ್ಮಿದ್ದರೆ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಲ್ಲಿ ಕಫ ಪರೀಕ್ಷೆ ಉಚಿತ.