ಸೂರಿನ ನಾಲ್ಕು ದಿಕ್ಕು

ತೀರ್ಥಹಳ್ಳಿ ಸೀಮೆಯ ನಮ್ಮ ಹಳೆಯ ಮನೆಗೆ ನಡುವೆ ಒಂದು ತೊಟ್ಟಿ. ಆಷಾಢದಲ್ಲಿ ಮಳೆ ಹಿಡಿಯಿತೆಂದರೆ ನಾಲ್ಕೂ ಸೂರಿನ ನೀರು ಅಲ್ಲಿಗೇ ಬೀಳಬೇಕು. ಒಂದೊಂದು ಸೂರಿಗೆ ಒಂದೊಂದು ದನಿ. ಜಗಲಿಯ ಕಡೆ ಹಾಸುಗಲ್ಲಿನ ಮೇಲೆ ಚಟಪಟ. ದೇವರಕೋಣೆಯ ಕಡೆ ಅಡಿಕೆ ದಬ್ಬೆಯ ದೋಣಿ ಕಟ್ಟಿದ್ದರಿಂದ ಒಂದೇ ಧಾರೆಯಾಗಿ ಸುರಿಯುವ ಸದ್ದು. ಅಡುಗೆಮನೆಯ ಕಡೆ ಕೆಸುವಿನ ಎಲೆಗಳ ಮೇಲೆ ಮೆತ್ತಗೆ ತಪತಪ. ಬಚ್ಚಲ ಕಡೆ ಮಳೆನೀರು ಹಿಡಿಯಲು ಇಟ್ಟ ತಾಮ್ರದ ಹಂಡೆಯಲ್ಲಿ ಮೊದಮೊದಲು ಟಣ್ ಟಣ್, ಹಂಡೆ ತುಂಬುತ್ತ ಬಂದ ಹಾಗೆ ದಪ್ಪ ದನಿ. ಕಣ್ಣುಮುಚ್ಚಿ ಕೂತವರೂ ಮನೆಯ ಯಾವ ಮೂಲೆ ಎಲ್ಲಿದೆ ಎಂದು ಹೇಳಿಬಿಡಬಹುದಿತ್ತು.

ಅಮ್ಮ ಈಗ ಮೈಸೂರಿನಲ್ಲಿ ನಮ್ಮ ಜೊತೆಗಿದ್ದಾಳೆ. ಮನೆ ಮೂರನೇ ಮಹಡಿಯಲ್ಲಿ. ಮಳೆ ಬಂದದ್ದು ಕಿಟಕಿಯ ಗಾಜು ಒದ್ದೆಯಾದರೆ ಗೊತ್ತಾಗುತ್ತದೆಯೇ ಹೊರತು ಕಿವಿಗೆ ತಿಳಿಯುವುದಿಲ್ಲ. ಕಳೆದ ವರ್ಷ ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಆರಿಸಬೇಕಾಗಿ ಬಂದಾಗ ನಾನು ಮನಸ್ಸಿನಲ್ಲಿಟ್ಟುಕೊಂಡಿದ್ದ ಅಳತೆಗೋಲು ಈ ಮಳೆಯೇ. ಊರಿನ ಮಳೆಯನ್ನು ನಾಲ್ಕು ದಿಕ್ಕಿನಿಂದಲೂ ಅಮ್ಮನಿಗೆ ಕೇಳಿಸಬೇಕು. ಉಳಿದ ದಿನವೆಲ್ಲ ಅದೇ ಯಂತ್ರ ಮನೆಯ ಕೆಲಸಕ್ಕೂ ಒದಗಬೇಕು.

ಆರಿಸಬೇಕಾಗಿ ಬಂದದ್ದು ವಿಂಡೋಸ್ 10ರ ಕಾರಣದಿಂದ. 2025ರ ಅಕ್ಟೋಬರ್ 14ಕ್ಕೆ ಅದರ ಬೆಂಬಲ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ. ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೇ ಪೀಳಿಗೆಯದೋ ಅದರ ನಂತರದ್ದೋ ಆಗಬೇಕು. ಹಾಲ್‌ನಲ್ಲಿರುವ ನಮ್ಮ ಡೆಸ್ಕ್‌ಟಾಪ್ ಆರನೇ ಪೀಳಿಗೆಯದು. ಅದಕ್ಕೆ ಕಟ್ಟಿದ 5.1 ಸ್ಪೀಕರ್ ಸೆಟ್ ಇನ್ನೂ ಹಳೆಯದು. ಮುಂದೆ ಎಡ, ಮುಂದೆ ಬಲ, ನಡುವೆ ಒಂದು, ಹಿಂದೆ ಎರಡು: ಒಟ್ಟು ಐದು. ಆ ಐದರ ಮುಂದಿನ ಚುಕ್ಕಿ ಒಂದು ಎಂದರೆ ಸಬ್‌ವೂಫರ್. ಅದರ ವಾಹಿನಿ ಸುಮಾರು 120 ಹರ್ಟ್ಸ್‌ಗಿಂತ ಕೆಳಗಿನ ಗುಡುಗನ್ನು ಮಾತ್ರ ಹೊರುವುದರಿಂದ ಅದಕ್ಕೆ ಪೂರ್ಣ ಅಂಕೆ ಕೊಟ್ಟಿಲ್ಲ.

ಮೊದಲು ಕಣ್ಣಿಟ್ಟದ್ದು ಮ್ಯಾಕ್ ಮೇಲೆ. ಸಂಗೀತದ ಸ್ಟುಡಿಯೋಗಳು ಅದನ್ನು ನೆಚ್ಚಿಕೊಂಡಿರುವುದಕ್ಕೆ ಕಾರಣವಿದೆ. ಆಡಿಯೊ ಮಿಡಿ ಸೆಟಪ್ ಎಂಬ ಪುಟ್ಟ ಕಿಟಕಿಯಲ್ಲಿ ಯಾವ ವಾಹಿನಿ ಯಾವ ಸ್ಪೀಕರಿಗೆ ಎಂದು ಗೊತ್ತುಮಾಡಿ, ಒಂದೊಂದನ್ನೇ ಒತ್ತಿ ಸದ್ದು ಹೊರಡಿಸಿ ನೋಡಬಹುದು. ಆದರೆ ನಮ್ಮ ಸೆಟ್‌ನಿಂದ ಹೊರಡುವುದು ಮೂರು ತಂತಿ: ಹಸಿರು ಮುಂದಿನ ಎರಡಕ್ಕೆ, ಕಪ್ಪು ಹಿಂದಿನ ಎರಡಕ್ಕೆ, ಕಿತ್ತಳೆ ನಡುವಿನದಕ್ಕೂ ಸಬ್‌ವೂಫರಿಗೂ. ಮ್ಯಾಕ್‌ಗೆ ಆ ಮೂರು ತೂತುಗಳಿಲ್ಲ. ಎಚ್‌ಡಿಎಂಐ ಇರುವ ರಿಸೀವರ್ ಕೊಂಡರೆ ಎಂಟು ವಾಹಿನಿಗಳವರೆಗೂ ಒಂದೇ ತಂತಿಯಲ್ಲಿ ಹೋಗುತ್ತವೆ, ನಿಜ. ಚೆನ್ನಾಗಿ ನುಡಿಯುತ್ತಿರುವ ಸ್ಪೀಕರುಗಳನ್ನು ಬಿಸಾಡಲು ನನಗೆ ಮನಸ್ಸಾಗಲಿಲ್ಲ.

ಆಪ್ಟಿಕಲ್ ತಂತಿ ಸಾಕಲ್ಲ ಎನ್ನುವವರಿಗೆ ಒಂದು ಮಾತು. ಬೆಳಕಿನ ಆ ತಂತಿ ಕುಗ್ಗಿಸದ ಧ್ವನಿಯನ್ನು ಎರಡು ವಾಹಿನಿಗಳಲ್ಲಿ ಮಾತ್ರ ಒಯ್ಯುತ್ತದೆ. ಆರು ಬೇಕೆಂದರೆ ಧ್ವನಿ ಮೊದಲೇ ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ರೂಪದಲ್ಲಿ ಕುಗ್ಗಿರಬೇಕು. ಡಿವಿಡಿಯಲ್ಲಿ ಹಾಗೆ ಇರುತ್ತದೆ, ಆದ್ದರಿಂದ ಸಿನಿಮಾ ಸರಿಯಾಗಿ ಕೇಳುತ್ತದೆ. ಕಂಪ್ಯೂಟರ್ ಆಗಿಂದಾಗ ಹುಟ್ಟಿಸುವ ಆಟದ ಸದ್ದನ್ನು ಅಲ್ಲಲ್ಲೇ ಕುಗ್ಗಿಸುವ ವ್ಯವಸ್ಥೆ ಇಲ್ಲದಿದ್ದರೆ ಬರಿಯ ಸ್ಟೀರಿಯೊ ಬರುತ್ತದೆ. ಎಷ್ಟೋ ಮನೆಗಳಲ್ಲಿ ಹಿಂದಿನ ಸ್ಪೀಕರುಗಳು ಮೌನವಾಗಿರುವುದು ಇದರಿಂದಲೇ.

ವಿಂಡೋಸ್ ಬಗ್ಗೆ ನನಗೆ ಗೌರವವಿದೆ. ಸೌಂಡ್ ಕಾರ್ಡ್ ಮಾಡುವವರೆಲ್ಲ ಮೊದಲು ಅದಕ್ಕೇ ಡ್ರೈವರ್ ಬರೆಯುತ್ತಾರೆ. ತಂತಿ ಸಿಕ್ಕಿಸಿದ ಕೂಡಲೇ ಏನು ಸಿಕ್ಕಿಸಿದಿರಿ ಎಂದು ಕೇಳುವ ಸೌಜನ್ಯ ಆ ಡ್ರೈವರುಗಳಲ್ಲಿ ಉಂಟು. ಆದರೂ ಅಲ್ಲಿ ಧ್ವನಿಯ ದಾರಿ ಬದಲಾಗಿದ್ದೂ ಇದೆ. ಎಕ್ಸ್‌ಪಿ ಇರುವ ತನಕ ಆಟಗಳು ಡೈರೆಕ್ಟ್‌ಸೌಂಡ್ ಮೂಲಕ ನೇರವಾಗಿ ಸೌಂಡ್ ಕಾರ್ಡಿನ ಚಿಪ್ಪಿಗೇ ಕೆಲಸ ಹಚ್ಚಬಹುದಿತ್ತು. 2007ರಲ್ಲಿ ವಿಸ್ಟಾ ಬಂದಾಗ ಆ ದಾರಿ ಮುಚ್ಚಿ, ಮಿಶ್ರಣವೆಲ್ಲ ಸಾಫ್ಟ್‌ವೇರಿಗೆ ಬಂತು. ಕ್ರಿಯೇಟಿವ್ ಕಂಪನಿ ತನ್ನ ಕಾರ್ಡುಗಳಿಗಾಗಿ ಆಲ್ಕೆಮಿ ಎಂಬ ತಂತ್ರಾಂಶ ಕೊಟ್ಟು ಹಳೆಯ ಆಟಗಳ ಸುತ್ತುಧ್ವನಿಯನ್ನು ಉಳಿಸಿಕೊಳ್ಳಬೇಕಾಯಿತು.

ಲಿನಕ್ಸ್‌ನಲ್ಲಿ ದಾರಿ ಇನ್ನೂ ಹೆಚ್ಚು ಸಲ ಬದಲಾಗಿದೆ. 2003ರ ಕೊನೆಗೆ ಬಂದ 2.6 ಕರ್ನೆಲ್‌ನಲ್ಲಿ ಸೌಂಡ್ ಕಾರ್ಡುಗಳನ್ನು ನಡೆಸುವ ಆಲ್ಸಾ ಸೇರಿತು. 2008ರಲ್ಲಿ ಉಬುಂಟು 8.04 ಅದರ ಮೇಲೆ ಸದ್ದುಗಳನ್ನು ಬೆರೆಸುವ ಪಲ್ಸ್‌ಆಡಿಯೊವನ್ನು ತಂದಿತು. ವಿಮ್ ಟೇಮನ್ಸ್ ಶುರುಮಾಡಿದ ಪೈಪ್‌ವೈರ್ 2021ರ ಫೆಡೋರಾ 34ರಲ್ಲಿ ಆ ಜಾಗಕ್ಕೆ ಬಂತು. ಇಷ್ಟಾದರೂ ಇಲ್ಲಿ ಒಂದು ಗುಣ ಉಳಿದಿದೆ: ಸದ್ದು ಎಲ್ಲಿ ಹೊರಟಿತು, ಎಲ್ಲಿ ತಿರುಗಿತು, ಎಲ್ಲಿ ಇಳಿಯಿತು ಎಂಬುದನ್ನು ಬಗ್ಗಿ ನೋಡಲು ಅಡ್ಡಿಯಿಲ್ಲ. ತೋಟಕ್ಕೆ ನೀರು ಹಾಯಿಸುವವನಿಗೆ ಯಾವ ಕಾಲುವೆಯಲ್ಲಿ ಮಣ್ಣು ಕುಸಿದಿದೆ ಎಂದು ಕಾಣಬೇಕು. ನನಗೆ ಬೇಕಾಗಿದ್ದದ್ದೂ ಅದೇ.

ಇನ್ನೊಂದು ಅನುಕೂಲವನ್ನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಡಿಸ್ಕ್ ಮುಟ್ಟದೆ, ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಎಬ್ಬಿಸಿ ಒಂದು ದಿನ ಬಳಸಿ ನೋಡಬಹುದು. ನಾನು ಲಿನಕ್ಸ್ ಮಿಂಟ್ 22 ಹಾಕಿ ನೋಡಿದೆ. ಮೊದಲ ದಿನ ಮುಂದಿನ ಎರಡು ಸ್ಪೀಕರ್ ಮಾತ್ರ ನುಡಿದವು. ನಮ್ಮ ಕಂಪ್ಯೂಟರಿನ ಬೆನ್ನಿಗೆ ಇರುವುದು ಮೂರೇ ತೂತು: ಹಸಿರು, ತಿಳಿನೀಲಿ, ಗುಲಾಬಿ. ನೀಲಿ ಹೊರಗಿನಿಂದ ಸದ್ದು ತರುವುದಕ್ಕೆ, ಗುಲಾಬಿ ಮೈಕ್‌ಗೆ. ಅವೆರಡೂ ಕೆಲಸ ಬದಲಿಸಿ ಹಿಂದಿನ ಸ್ಪೀಕರಿಗೂ ನಡುವಿನದಕ್ಕೂ ದಾರಿ ಬಿಡಬೇಕಾದರೆ ಟರ್ಮಿನಲ್ ತೆರೆದು ಆಲ್ಸಾಮಿಕ್ಸರ್ ಎಂದು ಬರೆದು, ಚಾನೆಲ್ ಮೋಡ್ ಎಂಬಲ್ಲಿ ಎರಡನ್ನು ಆರು ಮಾಡಬೇಕು. ಮಾಡಿದೆ. ಆಮೇಲೆ ಸ್ಪೀಕರ್-ಟೆಸ್ಟ್ ಓಡಿಸಿದಾಗ ದನಿಯೊಂದು ಒಂದೊಂದು ಸ್ಪೀಕರಿನಿಂದ ಅದರದರ ಹೆಸರು ಹೇಳುತ್ತ ಕೋಣೆಯನ್ನು ಸುತ್ತಿತು. ಅಡುಗೆಮನೆಯಿಂದ ಹೆಂಡತಿ, "ರೀ, ಯಾರು ಬಂದದ್ದು?" ಅಂದಳು.

ಸ್ಪೀಕರುಗಳ ಜಾಗವನ್ನೂ ಆ ವಾರವೇ ತಿದ್ದಿದೆ. ಹಿಂದಿನವನ್ನು ಗೋಡೆಯ ಮೂಲೆಗೆ ಏರಿಸುವುದು ನಮ್ಮಲ್ಲಿ ರೂಢಿ. ಅಂತರರಾಷ್ಟ್ರೀಯ ಪ್ರಮಾಣದ ಪ್ರಕಾರ ಮುಂದಿನವು ನಡುವಿನಿಂದ 30 ಡಿಗ್ರಿ ಆಚೀಚೆ ಇರಬೇಕು. ಹಿಂದಿನವು 100ರಿಂದ 120 ಡಿಗ್ರಿಯಲ್ಲಿ, ಎಂದರೆ ಕಿವಿಗಿಂತ ಸ್ವಲ್ಪವೇ ಹಿಂದೆ. ಸದ್ದಿಗೆ ಒಂದು ಮೀಟರ್ ದಾಟಲು ಹೆಚ್ಚುಕಡಿಮೆ 3 ಮಿಲಿಸೆಕೆಂಡ್ ಬೇಕು. ಕುರ್ಚಿಗೆ ತೀರ ಹತ್ತಿರದ ಸ್ಪೀಕರ್ ತನ್ನ ಮಾತನ್ನು ಬೇಗ ಮುಟ್ಟಿಸಿ ಉಳಿದವನ್ನು ಹಿಂದೆ ಹಾಕುತ್ತದೆ. ಟೇಪು ಹಿಡಿದು ಅಳೆದು ಎಲ್ಲವನ್ನೂ ಒಂದೇ ದೂರಕ್ಕೆ ತಂದೆ.

ದಿನಬಳಕೆಯಲ್ಲಿ ನಮಗೆ ಮೊದಲು ಬೇಕಾದದ್ದು ಕನ್ನಡ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಕೈಗೆ ಕೂತಿದೆ. ಎಫ್ ಒತ್ತಿದರೆ ಒತ್ತಕ್ಷರ ಎಂಬುದನ್ನು ಬೆರಳುಗಳೇ ಬಲ್ಲವು. ಲಿನಕ್ಸ್‌ನ ಟೈಪಿಂಗ್ ಸಾಧನವಾದ ಐಬಸ್‌ನಲ್ಲಿ ಅದು ಕೆಜಿಪಿ ಎಂಬ ಹೆಸರಿನಲ್ಲಿ ಸಿಕ್ಕಿತು. ಕಷ್ಟವಾದದ್ದು ನುಡಿ ತಂತ್ರಾಂಶದ ಹಳೆಯ ಕಡತಗಳದ್ದು. ಯೂನಿಕೋಡ್‌ಗೆ ಮುಂಚಿನ ಆ ಬರಹಗಳು ತಮ್ಮ ಫಾಂಟ್ ಇಲ್ಲದ ಕಡೆ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿಯಾಗಿ ಕಾಣುತ್ತವೆ. ಅಪ್ಪ ಕೊನೆಯ ವರ್ಷಗಳಲ್ಲಿ ಟೈಪು ಮಾಡಿಟ್ಟ ತೋಟದ ಲೆಕ್ಕ, ಮಳೆಯ ಟಿಪ್ಪಣಿ ಎಲ್ಲ ಅದರಲ್ಲೇ ಇವೆ. ಫಾಂಟ್ ತಂದು ಹಾಕಿದೆ, ಲಿಬ್ರೆ ಆಫೀಸ್‌ನಲ್ಲಿ ಅಪ್ಪನ ಸಾಲುಗಳು ಮತ್ತೆ ಕನ್ನಡವಾದವು. ಹೆಂಡತಿಯ ಲೆಕ್ಕಪತ್ರದ ಕೆಲಸಕ್ಕೆ ಟ್ಯಾಲಿ ಬೇಕು, ಟ್ಯಾಲಿಗೆ ವಿಂಡೋಸ್ ಬೇಕು. ಅವಳ ಲ್ಯಾಪ್‌ಟಾಪ್ ವಿಂಡೋಸ್‌ನಲ್ಲೇ ಇದೆ, ಇರಲಿ. ಒಟಿಟಿಯೇ ಮುಖ್ಯ ಎನ್ನುವ ಮನೆಗೆ ಲಿನಕ್ಸ್ ಹಾಕಿ ಎಂದು ನಾನು ಹೇಳಲಾರೆ. ನಕಲು-ತಡೆಯ ಕಟ್ಟುಪಾಡಿನಿಂದಾಗಿ ಅಲ್ಲಿನ ಬ್ರೌಸರಿಗೆ ಸಾಮಾನ್ಯವಾಗಿ ಎರಡೇ ವಾಹಿನಿ ಸಿಗುತ್ತವೆ, ಚಿತ್ರದ ಗುಣವೂ ಇಳಿಯುತ್ತದೆ. ನಮ್ಮ ಮನೆಯಲ್ಲಿ ಆ ಕೆಲಸ ಟಿವಿಯದು.

ಎರಡು ವಾಹಿನಿಯ ಹಾಡನ್ನು ಆರಕ್ಕೆ ಹಿಗ್ಗಿಸುವ ಸೌಲಭ್ಯವೂ ಇದೆ. ನಾನು ಅದನ್ನು ಆಫ್ ಮಾಡಿಟ್ಟೆ. ಯಕ್ಷಗಾನ ಕೇಳುವಾಗ ಭಾಗವತರ ಪದ ಬೆನ್ನಿನಿಂದಲೂ ಬಂದರೆ ರಂಗಸ್ಥಳವೇ ಕರಗಿಹೋಗುತ್ತದೆ. ಚೆಂಡೆ ಎದುರಿಗೇ ನುಡಿಯಬೇಕು.

ಮಿಂಟ್ ಡಿಸ್ಕಿಗೆ ಇಳಿಯಿತು. ಮಳೆ ಮಾತ್ರ ಬಾಕಿ.

ಊರ ಮನೆ ಈಗ ಚಿಕ್ಕಪ್ಪನ ಮಗನ ಪಾಲಿಗಿದೆ. ಜುಲೈಯಲ್ಲಿ ಹೋಗಿ ತೊಟ್ಟಿಯ ನಡುವೆ ಸ್ಟೂಲಿನ ಮೇಲೆ ಎರಡು ರೆಕಾರ್ಡರ್ ಬೆನ್ನಿಗೆ ಬೆನ್ನು ಹಚ್ಚಿ ಇಟ್ಟೆ. ಮೇಲೆ ಕೊಡೆ ಹಿಡಿಸಿದರೆ ಬಟ್ಟೆಯ ಮೇಲೆ ಬೀಳುವ ಹನಿಯದ್ದೇ ಗದ್ದಲ. ಕೊಡೆಗೆ ತೆಂಗಿನ ನಾರು ದಪ್ಪಗೆ ಹೊದಿಸಿದ ಮೇಲೆ ಹನಿಗಳು ಸದ್ದಿಲ್ಲದೆ ಇಂಗಿದವು. ಆಮೇಲೆ ಎರಡನ್ನೂ ಹೊಂದಿಸಲು ಗುರುತಿರಲೆಂದು ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟಿದೆ. ನಲವತ್ತು ನಿಮಿಷದ ಮಳೆ ಸಿಕ್ಕಿತು. ಮೈಸೂರಿಗೆ ಬಂದು ಅದನ್ನು ಆಡಾಸಿಟಿಯಲ್ಲಿ ಸಾಲಾಗಿ ಜೋಡಿಸಿದೆ: ಮುಂದೆ ಎಡ ಜಗಲಿ, ಮುಂದೆ ಬಲ ದೇವರಕೋಣೆ, ಹಿಂದೆ ಎಡ ಅಡುಗೆಮನೆ, ಹಿಂದೆ ಬಲ ಬಚ್ಚಲು. ಉಳಿದ ಎರಡು ಖಾಲಿ. ಆರು ವಾಹಿನಿಯ ಫ್ಲಾಕ್ ಕಡತ ಮಾಡಿ, ಅಮ್ಮನನ್ನು ಅಳೆದ ಜಾಗದಲ್ಲಿ ಕೂರಿಸಿ ಹಚ್ಚಿದೆ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನೆ ಕೇಳಿದಳು. ಆಮೇಲೆ, "ಅಲ್ಲ ಮಾರಾಯ, ಅಡುಗೆಮನೆ ಕಡೆ ಸೂರು ಎದುರಿಗೆ ಬಂತಲ್ಲ? ಕೆಸುವಿನ ಎಲೆ ಅಲ್ಲೆಲ್ಲಿತ್ತು?" ಅಂದಳು. ಇನ್ನೊಂದಿಷ್ಟು ಕೇಳಿ, "ಬಚ್ಚಲ ಕಡೆ ಮಳೆಯೇ ಇಲ್ಲ. ಹಂಡೆ ಎತ್ತಿಟ್ಟಿದ್ರಾ?"

ಆ ರಾತ್ರಿ ಕೂತು ಹುಡುಕಿದೆ. ತಪ್ಪು ಸಾಲಿನದು. ಸ್ಪೀಕರ್-ಟೆಸ್ಟ್ ನೋಡಿ ನಾನು ಕಲಿತ ಆಲ್ಸಾದ ಕ್ರಮ ಮುಂದೆ ಎರಡು, ಹಿಂದೆ ಎರಡು, ಆಮೇಲೆ ನಡು, ಕೊನೆಗೆ ಸಬ್‌ವೂಫರ್. ಫ್ಲಾಕ್ ಕಡತದ ಕ್ರಮ ಬೇರೆ: ಮುಂದೆ ಎರಡು, ಆಮೇಲೆ ನಡು, ಸಬ್‌ವೂಫರ್, ಕೊನೆಗೆ ಹಿಂದಿನವು. ಮೂರನೆಯದಾಗಿ ಇಟ್ಟ ಅಡುಗೆಮನೆ ನಡುವಿನ ಸ್ಪೀಕರಿಗೆ ಹೋಗಿ ಎದುರಿಗೆ ಕೂತಿತ್ತು. ನಾಲ್ಕನೆಯ ಬಚ್ಚಲು ಸಬ್‌ವೂಫರಿಗೆ ಹೋಗಿತ್ತು. ಹಂಡೆಯ ಟಣ್ ಟಣ್ ಅದರ ಪಾಲಿಗೆ ತೀರ ತೆಳುವಾದ ದನಿ. ಯಂತ್ರ ದಾರಿ ತಪ್ಪಿರಲಿಲ್ಲ, ನಾನು ಬರೆದ ವಿಳಾಸ ತಪ್ಪಿತ್ತು. ಅಮ್ಮನ ಕಿವಿ ಅದನ್ನು ಎರಡು ನಿಮಿಷದಲ್ಲಿ ಹಿಡಿದಿತ್ತು.

ಸಾಲು ಬದಲಿಸಿ ಮಾರನೆಯ ಸಂಜೆ ಮತ್ತೆ ಹಚ್ಚಿದೆ. ಜಗಲಿಯ ಚಟಪಟ, ದೋಣಿಯ ಧಾರೆ, ಬಲಗಿವಿಯ ಹಿಂದೆ ಹಂಡೆ. ಅಮ್ಮ ಏನೂ ಹೇಳಲಿಲ್ಲ. ಹಾಡೊಂದು ಮುಗಿಯುವಷ್ಟು ಹೊತ್ತು ಕಳೆದ ಮೇಲೆ ಎದ್ದು, ನಾನು ಅಳೆದು ಗುರುತು ಹಾಕಿದ್ದ ಜಾಗದಿಂದ ಕುರ್ಚಿಯನ್ನು ಎಳೆದುಕೊಂಡು ಹಿಂದಿನ ಎಡ ಸ್ಪೀಕರಿನ ಹತ್ತಿರ ಹೋಗಿ ಕೂತಳು. ಊರಿನ ಮನೆಯಲ್ಲಿ ಅಡುಗೆಮನೆಯ ಬಾಗಿಲ ಕಂಬ ಇದ್ದದ್ದು ಅಲ್ಲಿ. ಮಳೆಗಾಲದ ಮಧ್ಯಾಹ್ನಗಳಲ್ಲಿ ಅಮ್ಮ ಅದಕ್ಕೆ ಒರಗಿ ಅಕ್ಕಿ ಆರಿಸುತ್ತಿದ್ದಳು.