ಇಷ್ಟು

ಕಳಕ್ಕೂಟಂನಲ್ಲಿ ಸ್ಟ್ಯೂವನ್ನು ‘ಇಷ್ಟು’ ಎನ್ನುತ್ತಾರೆ. ನಮ್ಮ ಕನ್ನಡದ ಕಿವಿಗೆ ಅದು ಅಳತೆಯ ಮಾತಾಗಿಯೇ ಕೇಳಿಸುತ್ತದೆ. ಕಳೆದ ಭಾನುವಾರ ಒಂದು ಕಿಲೋ ಪೋತ್ತಿರಚ್ಚಿ, ಅಂದರೆ ಕೋಣನ ಮಾಂಸ, ತಂದೆವು. ಇಲ್ಲಿನವರ ತೆಂಗಿನಹಾಲಿನ ಬಿಳಿಯ ಇಷ್ಟುವಿನ ಬದಲು ಬೆಲ್ಜಿಯಂನವರಂತೆ ಈರುಳ್ಳಿಯನ್ನು ಕೆಂಪಗೆ ಬಾಡಿಸಿ, ಕಪ್ಪು ಬಿಯರ್ ಸುರಿದು, ಸಣ್ಣ ಉರಿಯಲ್ಲಿ ಮೂರು ಗಂಟೆ ಬೇಯಿಸಿದೆವು. ಹುರಿದ ಬಾರ್ಲಿಯ ಕಹಿಯನ್ನು ಈರುಳ್ಳಿ ಮತ್ತು ಒಂದು ಚೂರು ಬೆಲ್ಲ ಸರಿದೂಗಿಸಿದವು. ಗಟ್ಟಿ ನರಗಳು ಕರಗಿ ಸಾರು ಮಂದವಾಯಿತು.

ಪರಿಮಳ ಎದ್ದೊಡನೆ ನಾವು ಹೋಗಿ ಅಡುಗೆಮನೆಯ ಕಿಟಕಿ ಮುಚ್ಚಿದೆವು. ಏಕೆ? ಪಕ್ಕದ ಮನೆಯಲ್ಲೂ ಅದೇ ಬೇಯುತ್ತಿತ್ತು.

ಊರಿನಲ್ಲಿ ಅವ್ವ ಹಾಗೆ ಮುಚ್ಚುತ್ತಿದ್ದಳು. ಶಾಲೆಯಲ್ಲಿ ಯಾರಾದರೂ ಕೇಳಿದರೆ ನಾವು ‘ಹುರುಳಿ ಸಾರು’ ಎನ್ನುತ್ತಿದ್ದೆವು. ಮುಂದೆ ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ಓದಿದ ಕಾದಂಬರಿಗಳಲ್ಲಿ ಇದೇ ಮಾಂಸ ಮರ್ಯಾದೆಯಿಂದ ಮೇಜಿಗೆ ಬರುತ್ತಿತ್ತು. ಅದನ್ನು ಚರ್ಚಿಸುತ್ತ ನಾವು ಬೆರಳುಗಳನ್ನು ಮೂಸಿ ನೋಡಿಕೊಳ್ಳುತ್ತಿದ್ದೆವು. 2021ರಿಂದ ಕರ್ನಾಟಕದಲ್ಲಿ 13 ವರ್ಷ ದಾಟಿದ ಎಮ್ಮೆ, ಕೋಣಗಳ ಹೊರತು ಉಳಿದ ದನಗಳ ವಧೆ ನಿಷಿದ್ಧ. ನಮ್ಮ ಕಿಟಕಿ ಮುಚ್ಚಿದ್ದು ಆ ಕಾನೂನಿಗಿಂತ ಎಷ್ಟೋ ಹಿಂದೆ.

ನಮ್ಮೊಡನಿರಲು ಬಂದಿರುವ ಅವ್ವ ಎದ್ದು ಬಂದಳು. “ತೆಗಿ, ಗಾಳಿ ಆಡ್ಲಿ,” ಎಂದು ತಾನೇ ಕಿಟಕಿ ತೆರೆದಳು. ಬಟ್ಟಲು ಬರಿದಾದಾಗ, “ಇನ್ನೊಂದಿಷ್ಟು ಹಾಕು,” ಎಂದಳು.

ಸೋಮವಾರ ಕಚೇರಿಯಲ್ಲಿ ಕನ್ನಡದವರೇ ಆದ ಸಹೋದ್ಯೋಗಿಯೊಬ್ಬರು, “ಭಾನುವಾರ ಏನು ವಿಶೇಷ?” ಎಂದರು. ನಲವತ್ತು ದಾಟಿದ ನಮ್ಮ ನಾಲಗೆಗೆ ಬಂದದ್ದು ಹುರುಳಿ ಸಾರೇ. ಆ ಉತ್ತರವನ್ನು ಇಲ್ಲಿ ತಿದ್ದಿದ್ದೇವೆ.